ಬಿರುಗನ ಸೀನು

ಮದ್ದೂರಿನಿಂದ ಮಳವಳ್ಳಿ ಮೇಲೆ ಬೆಳಕವಾಡಿಗೆ ಹೋಗುವ ಬೆಳಗಿನ ಸರ್ಕಾರಿ ಬಸ್ಸಿನಲ್ಲಿ ಹಾರ್ಮೋನಿಯಂ ಮೇಷ್ಟ್ರು ರಾಮಲಿಂಗಯ್ಯನವರಿಗೆ ಒಂದು ಖಾಯಂ ಜಾಗವಿತ್ತು. ಡ್ರೈವರ್ ಮಗ್ಗುಲಿನ ಇಂಜಿನ್ ಬಾನೆಟ್ಟು. ಹಾರ್ಮೋನಿಯಂ ಪೆಟ್ಟಿಗೆಯನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು, ಬಿಸಿ ತಾಳಲಾರದೆ ಆಗಾಗ ಆ ಕಡೆ ಈ ಕಡೆ ಜರುಗುತ್ತ, ಅವರು ಡ್ರೈವರ್ ಮಹದೇವಸ್ವಾಮಿಯ ಜೊತೆ ಮಾತಾಡುತ್ತಿದ್ದರು. ಡ್ರೈವರ್ ಜೊತೆ ಮಾತಾಡಬಾರದು ಎಂದು ಅವರ ತಲೆಯ ಮೇಲೇ ಬರೆದಿತ್ತು. ಮೇಷ್ಟ್ರ ಕನ್ನಡಕ ಯಾವಾಗಲೂ ಜೇಬಿನಲ್ಲಿರುತ್ತಿದ್ದುದರಿಂದ ಅದು ಅವರಿಗೆ ಕಂಡಿರಲೇ ಇಲ್ಲ.

ಬಸರಾಳಿನ ಈ ಮೇಷ್ಟ್ರಿಗೆ ಊರೂರಿನ ನಾಟಕ ಸಂಘಗಳಿಗೆ ಪೌರಾಣಿಕ ನಾಟಕ ಕಲಿಸುವುದೇ ಕಸುಬು. ಸಂಕ್ರಾಂತಿ ಕಳೆದ ವಾರ ಅವರು ಬಾನೆಟ್ಟಿನ ಮೇಲೆ ಕುಳಿತವರೇ ಹೇಳಿಬಿಟ್ಟರು:

“ಮಾದೇವ, ಈ ವರ್ಸ ನಿಮ್ಮೂರಿಗೆ ನಾನು ಬರಾಕಿಲ್ಲ ಕಣಪ್ಪ.”

“ಯಾಕ್ ಮೇಷ್ಟ್ರೆ, ಮೈಗೆ ಉಸಾರಿಲ್ವಾ?”

“ಮೈಗೇನಾಗೈತೆ? ತಲೆಗೆ ಆಗಿರಾದು. ನಲವತ್ಮೂರು ವರ್ಸ ಅದೇ ಯುದ್ಧ, ಅದೇ ಗದೆ, ಅದೇ ತೊಡೆ ತಟ್ಟಾದು. ನಿದ್ದೇಲೂ ನನ್ ಬೆರಳು ಅದೇ ಮಟ್ಟು ಒತ್ತತಾ ಇರ್ತವೆ. ಒಸಾ ನಾಟ್ಕ ಇದ್ರೆ ಏಳು, ಓಡ್ ಬತ್ತೀನಿ. ಇಲ್ಲಾಂದ್ರೆ ಪೆಟ್ಟಿಗೆ ಮುಚ್ಚುದ್ನೇ ಸೈ.”

ಮಹದೇವಸ್ವಾಮಿ ಎದುರಿಗೆ ಬಂದ ಕಬ್ಬಿನ ಗಾಡಿಗೆ ದಾರಿ ಬಿಟ್ಟು, ಗೇರು ಬದಲಿಸಿ, ಸ್ವಲ್ಪ ಸಂಕೋಚದಿಂದಲೇ ಹೇಳಿದ: “ನನ್ ಮಗಳು ಒಂದು ಬರ್ದವ್ಳೆ ಮೇಷ್ಟ್ರೆ. ಆದ್ರೆ ಅದು ಈ ಭೂಮೀದಲ್ಲ.”

“ಅಂಗಂದ್ರೆ?”

“ಬೇರೆ ಗ್ರಹದ್ದು.”

ಮೇಷ್ಟ್ರು ಯೋಚನೆ ಮಾಡಿದರು. “ಅಲ್ಲೂ ಪದ ಏಳ್ತಾರಾ?”

“ಹನ್ನೊಂದು ಪದ ಅವೆ.”

“ಅಂಗಾದ್ರೆ ಸರಿ ಬುಡು. ಯಾವ್ ಗ್ರಹ ಆದ್ರೇನು, ರಾಗ ರಾಗನೇ.”

ಮಹದೇವಸ್ವಾಮಿಗೆ ಆಗ ನಲವತ್ತೈದು ವರ್ಷ. ಬೆಳಕವಾಡಿ ದಾಟಿ ಎರಡು ಮೈಲಿ ಒಳಗಿರುವ ಒಂದು ಊರಿನ ಕಾಲೋನಿಯವನು. ಅವನ ಕಂಠ ಎಂಥದೆಂದರೆ, ಖಾಲಿ ರಸ್ತೆಯಲ್ಲಿ ಅವನು ಬಾಯಿಬಿಟ್ಟು ಹಾಡತೊಡಗಿದರೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಮುಂದೆ ಬಂದು ಕೂರುತ್ತಿದ್ದರು. ಊರಿನ ನಾಟಕ ಸಂಘದಲ್ಲಿ ಇಪ್ಪತ್ತೆರಡು ವರ್ಷದಿಂದ ಅವನೂ ಒಬ್ಬ ಪಾತ್ರಧಾರಿ. ಇಪ್ಪತ್ತೆರಡು ವರ್ಷವೂ ಒಂದೇ ಪಾತ್ರ, ಅರಮನೆಯ ಬಾಗಿಲು ಕಾಯುವವನು. ಅವನಿಗೆ ಎರಡು ಮಾತು. “ಮಹಾಪ್ರಭು, ದೂತರು ಬಂದಿದ್ದಾರೆ” ಎಂಬುದು ಒಂದು. “ಅಪ್ಪಣೆ, ಮಹಾಪ್ರಭು” ಎಂಬುದು ಇನ್ನೊಂದು. ಉಳಿದ ಎಲ್ಲರ ಮಾತು, ಎಲ್ಲರ ಪದ ಅವನಿಗೆ ಬಾಯಿಪಾಠ. ದೊಡ್ಡ ಪಾತ್ರ ಯಾಕಿಲ್ಲ ಎಂದು ಕೇಳಿದರೆ, “ನೀನು ಡ್ಯೂಟಿ ಮನ್ಸ, ಪ್ರಾಕ್ಟೀಸಿಗೆ ಬರಾಕಾಗಲ್ಲ ಬುಡು” ಎನ್ನುತ್ತಿದ್ದರು. ಅವನು ಒಂದು ದಿನವೂ ಪ್ರಾಕ್ಟೀಸು ತಪ್ಪಿಸಿದವನಲ್ಲ. ಆದರೆ ಅವನು ಯಾವ ಬೀದಿಯವನು ಎಂಬುದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಡ್ಯೂಟಿಯ ಮೇಲೆ ಹಾಕುವುದು ಎಲ್ಲರಿಗೂ ಸಲೀಸಾಗಿತ್ತು.

ಅವನ ಮಗಳು ಅನು ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಅವಳು ಬರೆದ ನಾಟಕದ ಕಥೆ ಹೀಗಿತ್ತು. ಎರಡು ಸೂರ್ಯರಿರುವ ಒಂದು ಗ್ರಹ. ಅಲ್ಲಿ ಗಾಳಿ ಇಲ್ಲ. ಬಂಡೆಯೊಳಗೆ ಅಡಗಿರುವ ಗಾಳಿಯನ್ನು ತಿದಿ ಒತ್ತಿ ಒತ್ತಿ ಹೊರಗೆ ತೆಗೆಯಬೇಕು. ಅದಕ್ಕೆಂದೇ ಒಂದು ಗುಲಾಮ ಕುಲ, ತಿದಿಯವರು. ಲೋಕಕ್ಕೆಲ್ಲ ಉಸಿರು ಒದಗಿಸುವ ತಿದಿಯವರು ಪ್ರಭುಗಳ ಎದುರಿಗೆ ಮಾತ್ರ ಉಸಿರಾಡಕೂಡದು. ಪ್ರಭುಗಳು ಹಾದು ಹೋಗುವ ತನಕ ಬಾಯಿ ಮೂಗು ಮುಚ್ಚಿಕೊಂಡು ಉಸಿರು ಕಟ್ಟಿ ನಿಲ್ಲಬೇಕು. ಆ ಕುಲದ ಬಿರುಗ ಎಂಬವನು ಒಂದು ದಿನ ದೊರೆ ವಾಯುಧರನ ಮುಖದ ಮುಂದೆಯೇ ಸೀನಿಬಿಡುತ್ತಾನೆ. ಬಂಡಾಯ ಅಲ್ಲಿಂದ ಶುರು.

ಸಂಘದ ಸಭೆ ಸೇರಿತು. ಹದಿನೆಂಟು ವರ್ಷದಿಂದ ಸಂಘಕ್ಕೆ ಅಧ್ಯಕ್ಷರಾಗಿದ್ದವರು ಬೋರಯ್ಯ, ಊರಿನ ದೊಡ್ಡ ಗೌಡರ ಮನೆಯವರು. ಅವರು ಆ ದಿನ ಕೆಂಡವಾಗಿದ್ದರು. ಪಕ್ಕದ ಊರಿನವರು ಇವರದೇ ನಾಟಕವನ್ನು ಇವರದೇ ದಿನಕ್ಕೆ ಇಟ್ಟುಕೊಂಡು ಬ್ಯಾನರ್ ಕಟ್ಟಿಬಿಟ್ಟಿದ್ದರು.

“ಅವ್ರ ಜಲ್ಮದಲ್ಲಿ ಮಾಡಕ್ಕಾಗ್ದೆ ಇರಾ ನಾಟ್ಕ ನಾವು ಮಾಡ್ಬೇಕು,” ಎಂದು ಅವರು ಮೇಜು ಗುದ್ದಿದರು. “ಏನವ್ವ, ನಿನ್ ನಾಟ್ಕದಲ್ಲಿ ದೊರೆ ಅವ್ನಾ?”

“ಅವ್ನೆ ಗೌಡ್ರೆ,” ಎಂದಳು ಅನು.

“ಯುದ್ಧ?”

“ಐತೆ.”

“ರಥ?”

“ಆಕಾಸದಲ್ಲಿ ಓಡ್ತದೆ.”

ಬೋರಯ್ಯನವರ ಮುಖ ಅರಳಿತು. “ಸೀನು ಎಂಗೆಂಗೆ ಬತ್ತವೆ ಏಳು.”

“ಮೊದಲ್ನೇ ಸೀನು ದರ್ಬಾರು. ಎರಡ್ನೇ ಸೀನು ತಿದಿಮನೆ. ಮೂರ್ನೇ ಸೀನಲ್ಲಿ ಸೀನು.”

“ಅದೇ ಕಣವ್ವ, ಆ ಸೀನಲ್ಲಿ ಏನು?”

“ಸೀನೇ ಗೌಡ್ರೆ.”

“ಸೀನಲ್ಲಿ ಸೀನು ಇಲ್ದೆ ಇನ್ನೇನಿರ್ತದೆ? ನಾ ಕೇಳ್ತಿರಾದು ಕತೆ.”

“ಕತೆ ಸುರುವಾಗಾದೇ ಆ ಸೀನಿಂದ.”

“ಓ, ದೊಡ್ಡ ಸೀನು ಅನ್ನು!”

“ದೊಡ್ಡದೇ,” ಎಂದಳು ಅನು. ಹಿಂದೆ ಗೋಡೆಗೊರಗಿ ನಿಂತಿದ್ದ ಮಹದೇವಸ್ವಾಮಿಗೆ ಕೆಮ್ಮು ಬಂತು.

ಬೋರಯ್ಯನವರ ಅಕ್ಕನ ಮಗ ಚಲುವರಾಜು ಸಂಘದ ಖಾಯಂ ನಾಯಕ. ಕಬ್ಬಿನ ಗದ್ದೆ, ಟ್ರ್ಯಾಕ್ಟರ್, ಭಾರಿ ಮೀಸೆ, ಅದಕ್ಕಿಂತ ಭಾರಿಯಾದ ನಾಟಕದ ಹುಚ್ಚು. ಮನುಷ್ಯ ಕೆಟ್ಟವನಲ್ಲ. ಮಹದೇವಸ್ವಾಮಿ ಮತ್ತು ಅವನು ಹತ್ತನೇ ಕ್ಲಾಸಿನ ತನಕ ಒಂದೇ ಕೋಣೆಯಲ್ಲಿ ಓದಿದವರು. ಮಹದೇವಸ್ವಾಮಿಯೇ ಎರಡು ತಿಂಗಳು ದೊಡ್ಡವನು. ಆದರೂ ಮಹದೇವಸ್ವಾಮಿ ಅವನನ್ನು ಕರೆಯುವುದು ‘ಅಣ್ಣ’ ಎಂದು, ಅವನು ಇವನನ್ನು ‘ಲೇ ಮಾದೇವ’ ಎಂದು.

“ಬಿರುಗಂಗೆ ಎಷ್ಟು ಪದ?” ಎಂದು ಕೇಳಿದ ಚಲುವರಾಜು.

“ಏಳು.”

“ದೊರೆಗೆ?”

“ನಾಲ್ಕು.”

“ಅಂಗಾದ್ರೆ ನಾನೇ ಬಿರುಗ.”

“ಬಿರುಗ ಗುಲಾಮರ ಕುಲದೋನು,” ಎಂದು ಅನು ನೆನಪಿಸಿದಳು.

“ಇರ್ಲಿ ಬುಡವ್ವ, ಬೇರೆ ಗ್ರಹ ತಾನೆ? ನಮ್ಮೂರಲ್ವಲ್ಲ.”

ನಾಲ್ಕೇ ಪದದ ದೊರೆಯಾಗಲು ಯಾರೂ ಮುಂದೆ ಬರಲಿಲ್ಲ. ಎಲ್ಲರ ಮಾತೂ ಬಾಯಿಗೆ ಬರುತ್ತಿದ್ದ ಮಹದೇವಸ್ವಾಮಿಯನ್ನು ಸದ್ಯಕ್ಕೆ ದೊರೆಯ ಜಾಗದಲ್ಲಿ ಕೂರಿಸಿದರು. ಮೊದಲ ದಿನದ ಪ್ರಾಕ್ಟೀಸಿನಲ್ಲೇ ತಿದಿಯವರು ದೊರೆಗೆ ಅಡ್ಡಬಿದ್ದು ಉಸಿರು ಕಟ್ಟುವ ಭಾಗ. ಚಲುವರಾಜು ಯಾವುದನ್ನೂ ಅರೆಮನಸ್ಸಿನಿಂದ ಮಾಡುವವನಲ್ಲ. ದೊಪ್ಪೆಂದು ಉದ್ದಕ್ಕೆ ಬಿದ್ದ. ಪ್ಲಾಸ್ಟಿಕ್ ಕುರ್ಚಿಯ ಸಿಂಹಾಸನದಲ್ಲಿ ಮಹದೇವಸ್ವಾಮಿ ಕುಳಿತಿದ್ದ. ಬಾಗಿಲಲ್ಲಿ ಬೋರಯ್ಯ ಬಂದು ನಿಂತರು.

“ಇದೇನ್ಲಾ ಇದು?”

“ಪ್ರಾಕ್ಟೀಸು ಮಾವ,” ಎಂದಿತು ನೆಲದಿಂದ ಒಂದು ದನಿ. “ಉಸ್ರು ಕಟ್ಟಿವ್ನಿ, ಮಾತಾಡಿಸ್ಬ್ಯಾಡ.”

ಹತ್ತು ನಿಮಿಷದಲ್ಲಿ ಪಾತ್ರಗಳು ಬದಲಾದವು. ಚಲುವರಾಜು ದೊರೆ, ಮಹದೇವಸ್ವಾಮಿ ಬಿರುಗ. “ಈಗ ಸರಿ ಓಯ್ತು ನೋಡು,” ಎಂದು ಬೋರಯ್ಯ ನೆಮ್ಮದಿಯಿಂದ ಮನೆಗೆ ಹೋದರು. ಮೂರನೇ ಸೀನನ್ನು ಅವರಿನ್ನೂ ಓದಿರಲಿಲ್ಲ. ಓದುವ ಅಭ್ಯಾಸವೂ ಅವರಿಗಿರಲಿಲ್ಲ.

ಹೀಗೆ ಬಾಗಿಲು ಕಾಯುವವನಿಗೆ ಒಂದೇ ಏಟಿಗೆ ಏಳು ಪದ ದಕ್ಕಿದವು. ಮಾರನೆಯ ಬೆಳಿಗ್ಗೆ ಮಹದೇವಸ್ವಾಮಿ ಬಸ್ಸಿನಲ್ಲಿ ಬಿರುಗನ ಮೊದಲ ಪದ ಎತ್ತಿದ. ಕೆ.ಎಂ.ದೊಡ್ಡಿಯಲ್ಲಿ ಇಳಿಯುವವರಿದ್ದರು. ಕಂಡಕ್ಟರು ಬೆಲ್ ಹೊಡೆದ. ತಾಳ ಹಾಕುತ್ತಿದ್ದಾನೆ ಎಂದುಕೊಂಡ ಮಹದೇವಸ್ವಾಮಿ ಇನ್ನೂ ಹುರುಪಿನಿಂದ ಚರಣಕ್ಕೆ ಹೋದ. ಕಂಡಕ್ಟರು ಮತ್ತೆ ಮತ್ತೆ ಹೊಡೆದ. ಪದ ಮುಗಿಯುವ ಹೊತ್ತಿಗೆ ಬಸ್ಸು ಊರು ದಾಟಿ ಅರ್ಧ ಮೈಲಿ ಬಂದಿತ್ತು. ಇಳಿಯಬೇಕಾಗಿದ್ದ ಇಬ್ಬರು ಹೆಂಗಸರು ಬೈಯುವುದನ್ನು ಮರೆತು, “ಇನ್ನೊಂದು ಏಳಪ್ಪ, ಎಂಗೂ ನಡೀಲೇಬೇಕಲ್ಲ” ಎಂದರು.

ತಿದಿಯವರ ಮೇಳಕ್ಕೆ ಒಂಬತ್ತು ಜನ ಬೇಕಿತ್ತು. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಕಾಮಾಕ್ಷಮ್ಮ, ಮಹದೇವಸ್ವಾಮಿಯ ಹೆಂಡತಿ, ಕಾಲೋನಿಯಿಂದ ಎಂಟು ಹೆಂಗಸರನ್ನು ಹೊರಡಿಸಿಕೊಂಡು ಬಂದಳು. ನಾಟಕಕ್ಕೆ ಹೆಂಗಸರು ಬೇಕಾದರೆ ಮಂಡ್ಯದಿಂದ ಕರೆಸುವುದು ಸಂಘದ ಪದ್ಧತಿ. ಉಸಿರು ಕಟ್ಟುವ ಅಭಿನಯ ಇವರಿಗೆ ಬರುತ್ತದೆಯೇ ಎಂದು ಯಾರೋ ಕೇಳಿದರು.

“ಉಸ್ರು ಕಟ್ಟಾದ ನಮ್ಗೆ ಏಳ್ಕೊಡ್ಬೇಕಾ?” ಎಂದಳು ಕಾಮಾಕ್ಷಮ್ಮ.

ತಿದಿಯ ಬದಲಿಗೆ ಸೈಕಲ್ಲಿಗೆ ಗಾಳಿ ಹೊಡೆಯುವ ಒಂಬತ್ತು ಪಂಪು ಬಂದವು. ಒಂಬತ್ತು ಜನ ಸಾಲಾಗಿ ನಿಂತು ಸುಸ್ಸು ಸುಸ್ಸು ಎಂದು ಒತ್ತತೊಡಗಿದಾಗ ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ಎದ್ದು ನಿಂತರು. “ಈ ಗತ್ತು ಯಾವ ತಬಲಾದಲ್ಲೈತೆ ಏಳಿ!” ಅರವತ್ತೆಂಟನೇ ವಯಸ್ಸಿನಲ್ಲಿ ಅವರಿಗೆ ಹೊಸ ತಾಳ ಸಿಕ್ಕಿತ್ತು. ಹೆಂಗಸರು ನಗುತ್ತ ಒತ್ತಿದರು, ಮೇಷ್ಟ್ರು ಕುಣಿಯುತ್ತ ನುಡಿಸಿದರು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ತನ್ನ ಪಂಕ್ಚರ್ ಸೈಕಲ್ಲನ್ನು ತಳ್ಳಿಕೊಂಡು ಒಳಗೇ ಬಂದ.

ಎಲ್ಲ ಸರಿಯಾಗಿತ್ತು, ಒಂದೇ ಮಾತು ಬಿಟ್ಟು. ಸೀನಿದ ಮೇಲೆ ಬಿರುಗ ದೊರೆಯ ಕಣ್ಣಲ್ಲಿ ಕಣ್ಣಿಟ್ಟು, “ಎಲವೋ ವಾಯುಧರ! ನಿನ್ನ ಎದುರಿಗೇ ನಿಂತು ಉಸಿರಾಡುತ್ತಿದ್ದೇನೆ, ಕೇಳಿಸಿತೇ?” ಎನ್ನಬೇಕು. ಮಹದೇವಸ್ವಾಮಿ ಎದೆಯುಬ್ಬಿಸಿ, ಕಾಲು ಅಪ್ಪಳಿಸಿ ಗುಡುಗುತ್ತಿದ್ದ:

“ಎಲವೋ ವಾಯುಧರ…ನೋರೆ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮತ್ತೆ ಹೇಳಿಸಿದರು. ಈ ಸಲ “ವಾಯುಧರ” ಎನ್ನುವ ತನಕ ಸರಿಯಾಗಿ ಬಂದು, “ನಿಮ್ಮ ಎದುರಿಗೇ” ಎಂದು ಜಾರಿತು. ದೊರೆಯೇ ಇಳಿದು ಬಂದು ಅವನ ಹೆಗಲು ಹಿಡಿದು ಅಲುಗಾಡಿಸಿದ.

“ಬಯ್ಯೋ ಮಾದೇವ! ನಾನೇ ಏಳ್ತಾ ಇವ್ನಲ್ಲ, ಬಾಯ್ತುಂಬ ಬಯ್ಯಿ!”

“ಸರಿ ಕಣಣ್ಣ.”

“ಅಣ್ಣ ಅನ್ಬ್ಯಾಡ ಕಣೋ!”

“ಆಯ್ತು ಬುಡಣ್ಣ.”

ಮಹದೇವಸ್ವಾಮಿ ರಸ್ತೆಯಲ್ಲಿ ಎದುರು ಬರುವ ಲಾರಿಗಳಿಗೆ ‘ಎಲವೋ’ ಎಂದು ಅಭ್ಯಾಸ ಮಾಡಿದ. ಕಾಮಾಕ್ಷಮ್ಮ ಮನೆಯ ಹುಂಜವನ್ನು ಎದುರಿಗೆ ನಿಲ್ಲಿಸಿದಳು. ಹುಂಜಕ್ಕೆ ಅವನು ಕರಾರುವಾಕ್ಕಾಗಿ ಬೈದ. ಹುಂಜ ಹೆದರಿ ಎರಡು ದಿನ ಕೂಗಲಿಲ್ಲ. ಆದರೆ ಚಲುವರಾಜುವಿನ ಮುಖ ಕಂಡೊಡನೆ ‘ನೋರೆ’ ತಾನಾಗಿ ಬಂದು ಸೇರಿಕೊಳ್ಳುತ್ತಿತ್ತು.

“ಲಾರಿಗೆ, ಕೋಳಿಗೆ ಅಂದಂಗಲ್ಲ ಕಣವ್ವ,” ಎಂದ ಅವನು ಮಗಳಿಗೆ. “ನಾಲ್ಗೆ ನನ್ ಮಾತೇ ಕೇಳಲ್ಲ.”

ಇನ್ನೊಂದು ದಿನ ಅನು ಉಸಿರು ಕಟ್ಟುವ ಭಂಗಿಯನ್ನು ಹೇಳಿಕೊಡಲು ಎದ್ದಳು. ಅವಳು ಹೇಳುವ ಮೊದಲೇ ಮಹದೇವಸ್ವಾಮಿ ನಿಂತುಬಿಟ್ಟಿದ್ದ. ಸೊಂಟ ಅರ್ಧಕ್ಕೆ ಬಾಗಿತ್ತು. ಹೆಗಲ ಟವಲಿನ ತುದಿ ಎಡಗೈಯಲ್ಲಿ ಬಾಯಿಗೆ ಅಡ್ಡವಾಗಿತ್ತು. ಕಣ್ಣು ಎದುರಿಗಿದ್ದವರ ಕಾಲಿನ ಬೆರಳ ಮೇಲಿತ್ತು. ಮೇಷ್ಟ್ರ ಹಾರ್ಮೋನಿಯಂ ತಟ್ಟನೆ ನಿಂತಿತು.

“ಎಲ್ ಕಲ್ತ್ಯೋ ಇದ್ನ?” ಎಂದರು ಅವರು ಮೆಲ್ಲಗೆ.

ಮಹದೇವಸ್ವಾಮಿಗೂ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಅವನ ಅಪ್ಪ ಬೋರಯ್ಯನವರ ತಂದೆಯ ಮನೆಯಲ್ಲಿ ಹದಿನಾಲ್ಕು ವರ್ಷ ಜೀತಕ್ಕಿದ್ದವನು. ಜಗಲಿಯ ಕೆಳಗೆ ನಿಂತು ಮಾತಾಡುವಾಗ ತನ್ನ ಉಸಿರು ಗೌಡರಿಗೆ ತಾಕದಿರಲೆಂದು ಅವನು ನಿಲ್ಲುತ್ತಿದ್ದುದು ಹೀಗೇ. ಚಿಕ್ಕ ಹುಡುಗನಾಗಿದ್ದಾಗ ಅಪ್ಪನ ಪಕ್ಕ ನಿಂತು ನೋಡಿದ್ದು ಮೈಯಲ್ಲಿ ಎಲ್ಲಿ ಉಳಿದಿತ್ತೋ.

ಮನೆಗೆ ನಡೆದು ಬರುವಾಗ ಅವನು ಮಗಳನ್ನು ಕೇಳಿದ: “ನಿಂಗೆ ಇದ್ನ ಯಾರವ್ವ ಏಳುದ್ರು?”

“ಅಜ್ಜಿ ಏಳಿತ್ತು.”

“ನಮ್ಮವ್ವ ನಂಗೆ ಒಂದು ದಿನ್ವೂ ಏಳ್ಲಿಲ್ಲ.”

“ನೀನು ಕಣ್ಣಲ್ಲೇ ನೋಡಿದ್ಯಲ್ಲಪ್ಪ. ಅದ್ಕೇ ಇರ್ಬೇಕು.”

ಅವನು ಇದ್ದಕ್ಕಿದ್ದಂತೆ ನಿಂತು, ಯಾರೂ ಇಲ್ಲದ ಗದ್ದೆಯ ಕಡೆ ತಿರುಗಿ, “ಎಲವೋ ವಾಯುಧರ!” ಎಂದು ಕೂಗಿದ. ಗದ್ದೆಯಿಂದ ಕೊಕ್ಕರೆಗಳು ಎದ್ದವು. ಅನು ಚಪ್ಪಾಳೆ ತಟ್ಟಿದಳು.

ನಾಟಕ ಹಗಲೇ ನಡೆಯಬೇಕು ಎಂದು ಅನು ಹಟ ಹಿಡಿದಿದ್ದಳು. ಎರಡು ಸೂರ್ಯರಿರುವ ಗ್ರಹದಲ್ಲಿ ಕತ್ತಲಾಗುವುದೇ ಇಲ್ಲ ಎಂಬುದು ಅವಳ ವಾದ. ಹಗಲು ನಾಟಕ ಯಾರೂ ಕಂಡು ಕೇಳಿದ್ದಲ್ಲ. ಆದರೆ ಪಕ್ಕದ ಊರಿನ ನಾಟಕ ರಾತ್ರಿಗೆ ಇದ್ದುದರಿಂದ ಅವರ ಪ್ರೇಕ್ಷಕರನ್ನೂ ಮೊದಲೇ ಹೊಡೆದುಕೊಳ್ಳಬಹುದು ಎಂದು ಬೋರಯ್ಯನವರಿಗೆ ಅದು ಬಹಳ ಹಿಡಿಸಿತು. ಊರ ಬಾಗಿಲಲ್ಲಿ ಫ್ಲೆಕ್ಸ್ ಎದ್ದಿತು: ‘ತಿದಿ ಕುಲದ ಕಿಡಿ ಅರ್ಥಾತ್ ಬಿರುಗನ ಬಂಡಾಯ’. ಅದರಲ್ಲಿ ಬೋರಯ್ಯನವರ ಭಾವಚಿತ್ರ ಎರಡೂ ಸೂರ್ಯರಿಗಿಂತ ದೊಡ್ಡದಾಗಿತ್ತು.

ಭಾನುವಾರ ನಾಲ್ಕು ಗಂಟೆಗೆ ಶಾಲೆಯ ಮೈದಾನದ ಶಾಮಿಯಾನ ತುಂಬಿ, ಜನ ಕಾಂಪೌಂಡಿನ ಮೇಲೆಲ್ಲ ಹತ್ತಿದ್ದರು. ತೆರೆ ಎದ್ದಾಗ ದೊರೆ ವಾಯುಧರನನ್ನು ಕಂಡು ಶಿಳ್ಳೆಗಳ ಮಳೆಯಾಯಿತು. ತಲೆಗೆ ಬಾಡಿಗೆಯ ಕಿರೀಟ, ಭುಜಕ್ಕೆ ಥಳಥಳಿಸುವ ಕವಚ, ಬೆನ್ನಿಗೆ ಬೆಳೆಗೆ ಔಷಧಿ ಹೊಡೆಯುವ ಕ್ಯಾನು. ಕ್ಯಾನಿಗೆ ಬೆಳ್ಳಿ ಬಣ್ಣ ಬಳಿದು, ಅದರ ಪೈಪನ್ನು ಮೂಗಿನ ಹತ್ತಿರಕ್ಕೆ ತಂದಿದ್ದರು. ದೊರೆ ತನ್ನ ಖಾಸಾ ಗಾಳಿಯನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಾನೆ ಎಂದು ಅರ್ಥ. ಹಾಲಿನ ಕ್ಯಾನುಗಳನ್ನು ಜೋಡಿಸಿ ಮಾಡಿದ ಆಕಾಶರಥದಿಂದ ಅವನು ಇಳಿದಾಗ ರಥದ ಒಂದು ಭಾಗ ಉರುಳಿಕೊಂಡು ಪ್ರೇಕ್ಷಕರ ನಡುವೆ ಹೋಯಿತು. ಜನ ಅದನ್ನು ಕೈಯಿಂದ ಕೈಗೆ ದಾಟಿಸಿ ಮರ್ಯಾದೆಯಿಂದ ವಾಪಸು ಕಳಿಸಿದರು.

ಎರಡನೇ ಸೀನಿನಲ್ಲಿ ಒಂಬತ್ತು ಪಂಪುಗಳ ತಾಳಕ್ಕೆ ಮಹದೇವಸ್ವಾಮಿ ತಿದಿಯ ಪದ ಎತ್ತಿದ. ಇಪ್ಪತ್ತೆರಡು ವರ್ಷ ಬಾಗಿಲ ಬಳಿ ಕಾದಿದ್ದ ದನಿ ಅದು. ಮೈಕಿನವನು ದನಿ ತಗ್ಗಿಸಿದ. ಮತ್ತೆ ತಗ್ಗಿಸಿದ. ಕೊನೆಗೆ ಮೈಕು ಆ ಕಡೆ ತಿರುಗಿಸಿ ತಾನೂ ಕೇಳುತ್ತ ಕುಳಿತ. ಮೊದಲ ಸಾಲಿನಲ್ಲಿದ್ದ ಬೋರಯ್ಯ ಪಕ್ಕದವರಿಗೆ, “ನಮ್ ಸಂಘದೋನೇ” ಎಂದರು.

ಮೂರನೇ ಸೀನು ಬಂತು.

ತಿದಿಯವರು ಟವಲು, ಸೆರಗು ಬಾಯಿಗೆ ಅಡ್ಡ ಹಿಡಿದು ಬಾಗಿ ನಿಂತರು. ದೊರೆ ಮೆಲ್ಲಗೆ ನಡೆದು ಬಂದು ಬಿರುಗನ ಮುಂದೆ ನಿಂತ. ಈಗ ಸೀನಬೇಕು. ಮಹದೇವಸ್ವಾಮಿ ಕಣ್ಣೆತ್ತಿದ. ಚಲುವರಾಜುವಿನ ಹೆಗಲಾಚೆ, ನೇರ ಎದುರಿಗೆ, ಬೋರಯ್ಯ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಜಗಲಿಯ ಮೇಲೆ ಅವರ ತಂದೆ ಕೂರುತ್ತಿದ್ದಂತೆಯೇ. ಮಹದೇವಸ್ವಾಮಿಗೆ ಸೀನು ಮರೆತುಹೋಯಿತು. ಉಸಿರು ನಿಜವಾಗಿಯೂ ಕಟ್ಟಿತು.

ಮೇಷ್ಟ್ರು ಅದೇ ಸ್ವರವನ್ನು ಎಳೆದರು. ಮತ್ತೂ ಎಳೆದರು. ಬಿರುಗನ ಕತ್ತಿನ ನರ ಉಬ್ಬಿತು. ಏನು ಅಭಿನಯ ಎಂದು ಜನ ಸ್ತಬ್ಧರಾದರು. ಅವರಿಗೇ ಗೊತ್ತಿಲ್ಲದೆ ಅವರೂ ಉಸಿರು ಬಿಗಿಹಿಡಿದಿದ್ದರು. ಪಕ್ಕದಲ್ಲಿದ್ದ ಕಾಮಾಕ್ಷಮ್ಮ ಸೆರಗಿನೊಳಗಿಂದ, “ಸೀನಿ, ಇವ್ರೆ, ಸೀನಿ! ನಾವೂ ಸಾಯ್ತೀವಿ!” ಎಂದು ಪಿಸುಗುಟ್ಟಿದಳು.

ಅದನ್ನು ಕೇಳಿ ಅವನಿಗೆ ಒಳಗೆಲ್ಲೋ ನಗು ಎದ್ದಿತು. ತಡೆದ. ಎದುರಿಗೆ ದೊರೆ, ಬೆವರಿಗೆ ಅರ್ಧ ಕರಗಿದ ಹುಬ್ಬು ಹೊತ್ತು, ಬೆನ್ನಿಗೆ ಔಷಧಿ ಕ್ಯಾನು ಕಟ್ಟಿಕೊಂಡು, ಬೈಸಿಕೊಳ್ಳುವುದಕ್ಕೆ ಕಾತರದಿಂದ ಕಾಯುತ್ತ ನಿಂತಿದ್ದ. ಮಹದೇವಸ್ವಾಮಿ ಆ ಮುಖ ನೋಡಿದ, ಅಷ್ಟೆ. ನಗು ಕಟ್ಟೆ ಒಡೆಯಿತು. ಬಾಯಿಂದ ಟವಲು ಹಾರಿತು. ಅವನು ಹೊಟ್ಟೆ ಹಿಡಿದು ನಕ್ಕ. ನಗುವಿನ ನಡುವೆ ಗಾಳಿ ಎಳೆದುಕೊಂಡಾಗ ಮುಖದ ಪೌಡರೆಲ್ಲ ಮೂಗಿಗೆ ಹೋಯಿತು. ಆಗ ಬಂತು ಸೀನು. ಒಂದಲ್ಲ, ಏಳು. ಒಂದೊಂದಕ್ಕೂ ದೊರೆಯ ಕಿರೀಟ ಒಂದೊಂದು ಇಂಚು ಹಿಂದಕ್ಕೆ ಸರಿಯಿತು. ಏಳನೆಯದಕ್ಕೆ ಕೆಳಗೇ ಬಿತ್ತು.

ಆಮೇಲೆ ಕಾಂಪೌಂಡಿನ ಮೇಲಿನಿಂದ ಯಾರೋ ಕೂಗಿದರು: “ಒನ್ಸ್ ಮೋರ್!”

ಇಡೀ ಶಾಮಿಯಾನ ಹಿಡಿದುಕೊಂಡಿತು. “ಒನ್ಸ್ ಮೋರ್! ಸೀನು ಒನ್ಸ್ ಮೋರ್!”

ಪದಕ್ಕೆ ಒನ್ಸ್ ಮೋರ್ ಬಂದದ್ದುಂಟು. ಸೀನಿಗೆ ಬಂದದ್ದು ಮೇಷ್ಟ್ರ ನಲವತ್ತಮೂರು ವರ್ಷದಲ್ಲಿ ಇಲ್ಲ. ಅವರು ಕುಣಿದಾಡುವ ಬೆರಳುಗಳಿಂದ ಆರೋಹಣ ಒಂದನ್ನು ಮೇಲಕ್ಕೇರಿಸಿ ಕೊಟ್ಟರು. ಅದರ ತುದಿಗೆ ಸರಿಯಾಗಿ ಮಹದೇವಸ್ವಾಮಿ ಎಂಟನೆಯದನ್ನು ಸೀನಿದ. ನಂತರ ನೆಟ್ಟಗೆ ನಿಂತು, ದೊರೆಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ:

“ಎಲವೋ ವಾಯುಧರ! ನಿನ್ನ ಎದುರಿಗೇ ನಿಂತು ಉಸಿರಾಡುತ್ತಿದ್ದೇನೆ, ಕೇಳಿಸಿತೇ?”

ಬಾಲ ಇಲ್ಲ, ಬಹುವಚನ ಇಲ್ಲ. ರಂಗದ ಬದಿಯಲ್ಲಿ ಪ್ರತಿ ಹಿಡಿದು ನಿಂತಿದ್ದ ಅನು ಹಾಳೆಗಳನ್ನೆಲ್ಲ ಮೇಲಕ್ಕೆ ತೂರಿಬಿಟ್ಟಳು.

ಬೋರಯ್ಯ ಎದ್ದು ನಿಂತಿದ್ದರು. “ನಿಲ್ಸ್ರಲಾ! ದೊರೆ ಮುಖದ ಮೇಲೆ ಇಂಗೆ… ಇದೊಂದು ಸೀನಾ?”

“ಅದೇ ಗೌಡ್ರೆ, ಸೀನು!” ಎಂದಿತು ಹಿಂದಿನಿಂದ ಒಂದು ದನಿ. ಜನ ಗೊಳ್ಳೆಂದರು.

“ಮುಂದಕ್ ಬ್ಯಾಡ. ತೆರೆ ಎಳೀರಿ. ಚಲ್ವ, ಇಳ್ದು ಬಾರ್ಲಾ!”

ಚಲುವರಾಜು ಕಿರೀಟ ಎತ್ತಿಕೊಳ್ಳುತ್ತ ನಿಂತ. ಮುಂದಿನ ಭಾಗ ಅವನಿಗೆ ಗೊತ್ತಿತ್ತು. ತಿದಿಯವರು ಪಂಪು ನಿಲ್ಲಿಸುತ್ತಾರೆ, ದೊರೆಯ ಗಾಳಿ ಮುಗಿಯುತ್ತದೆ, ದೊರೆ ಮಂಡಿಯೂರಿ ಬಿರುಗನಲ್ಲಿ ಉಸಿರು ಬೇಡುವ ಪದ ಹಾಡುತ್ತಾನೆ. ನಾಲ್ಕರಲ್ಲಿ ಅದೇ ಅವನ ಒಳ್ಳೆಯ ಪದ. “ಮಾವ,” ಎಂದ ಅವನು ಅಳುಮೋರೆ ಮಾಡಿ, “ಎರಡು ತಿಂಗ್ಳು ಕಲ್ತಿರಾ ಪದ ಕಣ್ ಮಾವ. ಹಾಡ್ದೆ ಎಂಗ್ ಬುಡ್ಲಿ?”

ಬೋರಯ್ಯ ಮುಖ ಕೆಂಪೇರಿ, ಕೆನ್ನೆ ಉಬ್ಬಿ, ಕಲ್ಲಿನ ಹಾಗೆ ನಿಂತರು. ಮಹದೇವಸ್ವಾಮಿ ರಂಗದ ಅಂಚಿಗೆ ಬಂದ. ಅವನ ಕೈ ಬಾಯಿಯ ಹತ್ತಿರ ಹೋಗಲಿಲ್ಲ, ಸೊಂಟ ಬಾಗಲಿಲ್ಲ. ಆದರೆ ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ಯಾಕ್ ಬೋರಯ್ಯನೋರೆ ಉಸ್ರು ಕಟ್ಕೊಂಡು ನಿಂತಿದ್ದೀರಿ? ಬುಡಿ, ಉಸ್ರು ಬುಡಿ. ಇಲ್ಲಿ ಎಲ್ರೂ ಉಸ್ರಾಡ್ಬೋದು.”

ಮೊದಲು ಕಾಮಾಕ್ಷಮ್ಮ ಸೆರಗು ತೆಗೆದು ಉಸಿರು ಬಿಟ್ಟಳು, ಮೈಕಿಗೆ ಕೇಳುವ ಹಾಗೆ. ಆಮೇಲೆ ಎಂಟೂ ಜನ. ಆಮೇಲೆ ಶಾಮಿಯಾನದಲ್ಲಿದ್ದ ಗಂಡಸರು, ಹೆಂಗಸರು, ಮುದುಕರು, ಪಕ್ಕದ ಊರಿನವರು, ಎಲ್ಲರೂ ಆಟಕ್ಕೆ ಬಿದ್ದವರಂತೆ ಹುಸ್ಸೆಂದು ಉಸಿರು ಬಿಟ್ಟರು. ಬೋರಯ್ಯ ತಿರುಗಿ ದಾಪುಗಾಲು ಹಾಕುತ್ತ ಹೊರಗೆ ಹೋದರು. ನಾಟಕ ಮುಂದುವರಿಯಿತು. ದೊರೆ ಮಂಡಿಯೂರಿ ಹಾಡಿದ ಪದಕ್ಕೆ ಎರಡು ಒನ್ಸ್ ಮೋರ್ ಬಂದವು. ಶಾಲೆಯ ಗೇಟಿನ ಬಳಿ ಬೈಕಿಗೆ ಒರಗಿಕೊಂಡು ಅಧ್ಯಕ್ಷರು ಕೊನೆಯ ಪದದ ತನಕ ಕೇಳುತ್ತ ನಿಂತಿದ್ದರು ಎಂದು ಕಡಲೆಕಾಯಿ ಮಾರುವವಳು ಆಮೇಲೆ ಎಲ್ಲರಿಗೂ ಹೇಳಿದಳು.

ತೆರೆಯ ಹಿಂದೆ ಬಣ್ಣ ಒರೆಸಿಕೊಳ್ಳುವಾಗ ಚಲುವರಾಜು ಗೊಣಗಿದ: “ಏಳ್ ಸಲ ಸೀನುದ್ರೆ ನಾನು ಎಷ್ಟೊತ್ತೋ ಗಂಭೀರವಾಗ್ ನಿಲ್ಲಾದು?”

“ನೀನ್ಯಾಕ್ಲಾ ಅಂಗೆ ಮಕ ಮಾಡ್ಕೊಂಡ್ ನಿಂತಿದ್ದೆ?” ಎಂದ ಮಹದೇವಸ್ವಾಮಿ.

ಆಡಿದ ಮೇಲೆ ಅವನಿಗೇ ಕೇಳಿಸಿತು. ಚಲುವರಾಜುವಿಗೂ ಕೇಳಿಸಿತು. ಇಬ್ಬರೂ ಒಂದು ಗಳಿಗೆ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದರು. ಚಲುವರಾಜು ಕೊಬ್ಬರಿ ಎಣ್ಣೆಯ ಶೀಸೆಯನ್ನು ಅವನತ್ತ ದೂಡಿ, “ಕಿವಿ ಹಿಂದೆ ಬಣ್ಣ ಉಳ್ದದೆ, ಒರೆಸ್ಕೊ” ಎಂದ.

ಊರು ಒಂದೇ ದಿನಕ್ಕೆ ಬದಲಾಗಲಿಲ್ಲ. ಬೋರಯ್ಯ ಆ ಬೇಸಿಗೆ ಪೂರ್ತಿ ಮಹದೇವಸ್ವಾಮಿಯ ಬಸ್ಸು ಹತ್ತದೆ ಖಾಸಗಿ ಬಸ್ಸಿಗೆ ಕಾದರು. ಅಧ್ಯಕ್ಷಗಿರಿಯನ್ನೂ ಬಿಡಲಿಲ್ಲ, ಸಂಘದ ಬಾಗಿಲಿಗೆ ಹೊಸ ಬೀಗ ಹಾಕಿಸಿ, ಮುಂದಿನ ವರ್ಷ ಹಳೆಯ ನಾಟಕವೇ ಎಂದು ಸಾರಿದರು. ಬಾಗಿಲು ಕಾಯುವ ಪಾತ್ರಕ್ಕೆ ಬೇರೆ ಜನ ಹುಡುಕಿಕೊಳ್ಳಿ ಎಂದು ಮಹದೇವಸ್ವಾಮಿ ಹೇಳಿ ಕಳಿಸಿದ. ಅವನಿಗೆ ಪುರುಸೊತ್ತಿರಲಿಲ್ಲ. ಮದ್ದೂರಿನಿಂದ ಕರೆ ಬಂದಿತ್ತು, ಅದರ ಹಿಂದೆಯೇ ಮಂಡ್ಯದಿಂದ. ರಜೆ ಹಾಕಿ, ಟೆಂಪೋ ಮಾಡಿಕೊಂಡು, ಪಂಪು, ಕ್ಯಾನು, ಹಾರ್ಮೋನಿಯಂ ಎಲ್ಲ ಹೇರಿಕೊಂಡು ಹೊರಟರು. ದಾರಿಯುದ್ದಕ್ಕೂ ಒಂಬತ್ತು ಹೆಂಗಸರು ಹಾಡಿದರು. ಚಲುವರಾಜು ಕಿರೀಟವನ್ನು ತಲೆಯಿಂದ ಇಳಿಸಲೇ ಇಲ್ಲ.

ಮದ್ದೂರಿನಲ್ಲಿ ಆಟ ಮುಗಿದ ಮೇಲೆ, ಎಲ್ಲರೂ ತೆರೆಯ ಹಿಂದೆ ಸುತ್ತ ಕುಳಿತು ವಡೆಯ ಪೊಟ್ಟಣ ಬಿಚ್ಚುತ್ತಿದ್ದಾಗ, ಕೋಲೂರಿಕೊಂಡು ಒಬ್ಬ ಮುದುಕಿ ಒಳಗೆ ಬಂದಳು. ಪಟ್ಟಲಮ್ಮ ಎಂದು ಹೆಸರು ಹೇಳಿಕೊಂಡಳು.

“ಸೀನುದ್ನಲ್ಲ, ಆ ಅಪ್ಪ ಯಾರು?”

“ನಾನೇ ಕಣಮ್ಮ,” ಎಂದು ಮಹದೇವಸ್ವಾಮಿ ಎದ್ದ.

ಅವಳು ಅವನ ಮುಂಗೈಯನ್ನು ಹಿಡಿದು, ಗಟ್ಟಿಯಾಗಿದೆಯೇ ಎಂದು ನೋಡುವವಳಂತೆ ಅದುಮಿದಳು. “ನಿಜ್ವಾಗ್ಲೂ ಅಂತಾ ಗ್ರಹ ಐತಾ? ಕೊನೇಗೆ ಎಲ್ರೂ ಸರದಿ ಮೇಲೆ ತಿದಿ ಒತ್ತತಾರಲ್ಲ, ಅಂತಾದ್ದು?”

ವಿಜ್ಞಾನದ ಮೇಡಮ್ಮಿಗೆ ಸುಳ್ಳು ಹೇಳಲು ಬರಲಿಲ್ಲ. “ಉಡುಕ್ತಾವ್ರೆ ಅಜ್ಜಿ. ಇನ್ನೂ ಸಿಕ್ಕಿಲ್ಲ,” ಎಂದಳು ಅನು.

“ಸಿಕ್ಕುದ್ರೆ ನಂಗೂ ಒಂದ್ ಮಾತು ಏಳಿ ಕಳ್ಸಿ. ಬತ್ತೀನಿ.”

“ಕಿಟಕಿ ಪಕ್ದಲ್ಲೇ ಸೀಟು ಇಡ್ತೀನಿ,” ಎಂದ ಮಹದೇವಸ್ವಾಮಿ.

“ವಾಂತಿ ಬತ್ತದೆ ಕಣಪ್ಪ ನಂಗೆ, ಮುಂದ್ಗಡೆ ಸೀಟೇ ಆಗ್ಬೇಕು,” ಎಂದಳು ಪಟ್ಟಲಮ್ಮ.

ಮೇಷ್ಟ್ರು ನಗುತ್ತ ಹಾರ್ಮೋನಿಯಂ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ಅವಳಿಗೆ ಜಾಗ ಮಾಡಿದರು. ಕಾಮಾಕ್ಷಮ್ಮ ಪೊಟ್ಟಣವನ್ನು ಅವಳ ಮುಂದಕ್ಕೆ ತಳ್ಳಿದಳು. ಮುದುಕಿ ಕೋಲನ್ನು ಮಗ್ಗುಲಿಗೆ ಮಲಗಿಸಿ, ಕಾಲು ಚಾಚಿ ಕುಳಿತು, ಒಂದು ವಡೆ ಮುರಿದು ಬಾಯಿಗೆ ಹಾಕಿಕೊಂಡಳು.